ಅಪ್ಪನ ಬೂಟು ಕಂಡ ಮದುವೆ

ಅಪ್ಪನ ಕನ್ನಡಕದಂಗಡಿಯ ಹಿಂಕೋಣೆ,
ಫೆಬ್ರವರಿ ೧೯, ಗುರುವಾರ
(ಅಂಗಡಿಯ ಬಾಗಿಲು ಅರ್ಧ ಎಳೆದು ಅಪ್ಪ ಊಟಕ್ಕೆ ಹೋಗಿರುವ ಹೊತ್ತು)

ಸ್ವಸ್ತಿ ಶ್ರೀಮತ್ ಸಮಸ್ತ ಗೃಹಮಂಡಲಾಧೀಶ್ವರಿ, ಬಚ್ಚಲುಮನೆಯ ಪ್ರಥಮ ಪ್ರವೇಶಾಧಿಕಾರಿಣಿ, ಟಿವಿ ರಿಮೋಟಿನ ಏಕಚ್ಛತ್ರ ಸಾಮ್ರಾಜ್ಞಿ, ಅನುಜಕರ್ಣಮರ್ದನ ಪ್ರವೀಣೆ, ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನೆಯಲ್ಲಿ ತನ್ನ ಕೋಣೆಯ ಮೇಲಿನ ಹಿಡಿತ ಸಡಿಲಿಸದ ಮಹಾಮಹಿಮಳಾದ ನನ್ನ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ನಡುಮನೆಯ ಸೋಫಾದ ಮೇಲೆ ಕಾಲು ಹೊರಚಾಚಿ ಮಲಗುವ ಏಕಮಾತ್ರ ಸಹೋದರನ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ತಡವಾಗಿ ಬರೆಯುತ್ತಿದ್ದೇನೆ. ಇಂಥ ಕಡೆ ಕ್ಷಮೆ ಕೇಳುವ ಪದ್ಧತಿ ಇದೆ, ಕೇಳಿದ್ದೇನೆ ಎಂದು ತಿಳಿದುಕೊ. ಫೋನು ಇರುವಾಗ ಇವನಿಗೆ ಕಾಗದದ ಶೋಕಿ ಯಾಕೆ ಅಂತ ನೀನು ಭಾವನ ಮುಂದೆ ಹಲ್ಲು ಕಿಸಿಯುತ್ತಿರಬಹುದು. ನಮ್ಮ ಮನೆಯ ಫೋನಿನ ಗತಿ ಮರೆತೆಯಾ? ಅಮ್ಮ ಸ್ಪೀಕರಿಗೆ ಹಾಕದೆ ಮಾತಾಡುವುದಿಲ್ಲ. ಅಪ್ಪ ಎದುರಿಗೆ ಕೂತು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಾರೆ. ನೀನು ಅಪ್ಪ ಹೇಗಿದ್ದಾರೆ ಅನ್ನುತ್ತೀಯ, ಅಮ್ಮ ಇಲ್ಲೇ ಇದ್ದಾರೆ ಮಾತಾಡು ಅನ್ನುತ್ತಾಳೆ, ಅಪ್ಪ ಊಟ ಆಯ್ತಾ ಅನ್ನುತ್ತಾರೆ, ನೀನು ಆಯ್ತು ನಿಮ್ದು ಅನ್ನುತ್ತೀಯ. ಅಲ್ಲಿಗೆ ಎರಡು ರಾಷ್ಟ್ರಗಳ ಮಾತುಕತೆ ಸೌಹಾರ್ದಯುತವಾಗಿ ಮುಗಿದು ಫೋನು ಅಮ್ಮನ ಕೈಗೆ ಹಿಂತಿರುಗುತ್ತದೆ. ನಾನೀಗ ಹೇಳಹೊರಟಿರುವುದು ಸ್ಪೀಕರಿಗೆ ಹಾಕುವಂಥದ್ದಲ್ಲ.

ಕಾಗದದ ಜೊತೆ ಒಂದು ಕನ್ನಡಕದ ಡಬ್ಬಿ ಬಂದಿದೆ. ಅದರಲ್ಲಿ ಕನ್ನಡಕ ಇಲ್ಲ. ಈ ಕಾಗದವನ್ನು ಕೊನೆಯವರೆಗೆ ಓದದೆ ಸದರಿ ಡಬ್ಬಿಯನ್ನು ತೆರೆಯಕೂಡದೆಂದು ಈ ಮೂಲಕ ಆಜ್ಞಾಪಿಸಲಾಗಿದೆ. ತೆರೆದಾಯಿತು, ಅಲ್ಲವಾ? ಗೊತ್ತಿತ್ತು. ಒಳಗಿರುವ ಪೆನ್‌ಡ್ರೈವನ್ನಾದರೂ ಈಗಲೇ ಕಂಪ್ಯೂಟರಿಗೆ ಚುಚ್ಚಬೇಡ ಮಾರಾಯ್ತಿ, ಸ್ವಲ್ಪ ತಡಿ.

ಕಳೆದ ಸಲ ನೀನು ಬಂದಾಗ ಅಡುಗೆಮನೆಯಲ್ಲಿ ಅಮ್ಮನ ಜೊತೆ ಪಾತ್ರೆ ಒರೆಸುತ್ತ ಯಾವುದೋ ಮಾತಿಗೆ ಒಂದು ಮಾತು ಅಂದೆ. "ನನ್ ಮದ್ವೇಲಿ ಅಪ್ಪ ಎಲ್ಲಿದ್ರು? ಒಂದು ಕ್ಯಾಮೆರಾ ಇತ್ತು, ಅಷ್ಟೆ." ಅಮ್ಮ ಸುಮ್ಮನಿರೇ ಅಂದಳು. ನೀನು ಸುಮ್ಮನಿರುವ ಪೈಕಿಯಾ? ಮೊದಲ ವರ್ಷ ಭಾವನೂ ನೀನೂ ಮಾತು ಬಿಟ್ಟು ಕೂತಿದ್ದ ಕಥೆ ತೆಗೆದೆ. ಈಗ ಅದು ನಗುವ ಸಂಗತಿ, ಆಗ ಮಾತ್ರ ಹೋಗಲಿಕ್ಕೆ ಒಂದು ಜಾಗ ಇಲ್ಲ ಅನ್ನಿಸಿತ್ತು, ಬೇಕಾದರೆ ಬಾ ಅಂತ ಈ ಮನೆಯಿಂದ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಂದೆ. ಆಮೇಲೆ ಪಾತ್ರೆ ಎತ್ತಿಟ್ಟು, ಮಗಳು ಪುಟ್ಟಿಯ ಜಡೆ ಹಾಕಿ, ಬಸ್ಸು ಹತ್ತಿ ಹೋದೆ.

ನಿನಗೆ ಗೊತ್ತಿಲ್ಲದ್ದು ಇಷ್ಟು. ನೀನು ಹಾಗೆ ಅನ್ನುವಾಗ ಅಪ್ಪ ಅಡುಗೆಮನೆಯ ಬಾಗಿಲಾಚೆ ಖಾಲಿ ಲೋಟ ಹಿಡಿದು ನಿಂತಿದ್ದರು. ನೀರು ಕುಡಿಯಲು ಬಂದವರು ನೀರು ಕುಡಿಯದೆ ಹಿಂದಕ್ಕೆ ಹೋದರು. ನಾನು ಸೋಫಾದಿಂದ ನೋಡಿದೆ. ಸೋಫಾದ ಮೇಲೆ ಮಲಗುವವನಿಗೆ ಮನೆಯ ಎಲ್ಲ ರಹಸ್ಯಗಳೂ ತಿಳಿಯುತ್ತವೆ, ಅದು ಆ ಹುದ್ದೆಯ ಏಕೈಕ ಸೌಲಭ್ಯ.

ಮರುದಿನ ಬೆಳಿಗ್ಗೆ ಅಪ್ಪ ಏಣಿ ಹತ್ತಿ ಅಟ್ಟದಿಂದ ಆ ಕ್ಯಾಮೆರಾದ ಚೀಲ ಇಳಿಸಿದರು. ನೆನಪಿದೆಯಲ್ಲ, ಊರು ಬಿಟ್ಟು ಹೋಗುವ ಯಾರೋ ಗಿರಾಕಿ ಅಪ್ಪನಿಗೆ ಪ್ರೀತಿಯಿಂದ ಕೊಟ್ಟುಹೋದ, ಇಟ್ಟಿಗೆಯಷ್ಟು ಭಾರದ, ಪುಟ್ಟ ಟೇಪು ಹಾಕುವ ಕ್ಯಾಮೆರಾ. ಅದರ ಪಕ್ಕದ ಪರದೆ ಬರುವಾಗಲೇ ಸತ್ತಿತ್ತು, ಒಂದು ಕಿಂಡಿಗೆ ಕಣ್ಣಿಟ್ಟೇ ನೋಡಬೇಕು. ಟೇಪು ಕನ್ನಡಕದ ಡಬ್ಬಿಯಲ್ಲಿ, ಹತ್ತಿಯ ಮೇಲೆ ಮಲಗಿತ್ತು. ಮದುವೆಯಾದ ಮೇಲೆ ಅದನ್ನು ಯಾರೂ ನೋಡಿಲ್ಲ. ಅಪ್ಪನೂ ನೋಡಿಲ್ಲ. ಯಾಕೆಂದರೆ ಪದೇ ಪದೇ ಓಡಿಸಿದರೆ ಟೇಪು ಸವೆಯುತ್ತದೆ ಎಂಬ ಭಯದಲ್ಲಿ ಅವರು ಒಂದು ಸಲವೂ ಓಡಿಸಲಿಲ್ಲ. ಗಾಜು ಗೀರಾಗುತ್ತದೆಂದು ಕನ್ನಡಕವನ್ನು ಡಬ್ಬಿಯಲ್ಲೇ ಇಟ್ಟುಕೊಂಡು ಎಡವುತ್ತ ಓಡಾಡುವ ಗಿರಾಕಿಗಳನ್ನು ಇದೇ ಅಪ್ಪ ಬೈಯುತ್ತಾರೆ, ಅದನ್ನು ದಾಖಲೆಗಾಗಿ ಹೇಳಿದೆ.

"ಲೋ ಪೋಕರಿ, ಇದನ್ನ ಕಂಪ್ಯೂಟರಿಗೆ ಹಾಕಿ ಚೆನ್ನಾಗಿ ಸಿನಿಮಾ ಥರ ಮಾಡಿ ಅವಳಿಗೆ ಕಳಿಸ್ಬೇಕು," ಅಂದರು. "ನೋಡ್ಲಿ. ಒಂದೂ ಬಿಟ್ಟಿಲ್ಲ ನಾನು. ಎಲ್ಲಾ ಹಿಡಿದಿದೀನಿ."

ಆ ಕೊನೆಯ ಮಾತು ಅವರು ಹೇಳಿದ್ದು ನನಗಲ್ಲ, ಅಡುಗೆಮನೆಯ ಬಾಗಿಲಿಗೆ.

ನಾನು ಸಂದರ್ಭ ಬಿಡುವವನಲ್ಲ. ಈ ಮಹತ್ಕಾರ್ಯಕ್ಕೆ ಸಂಭಾವನೆಯಾಗಿ ಅಕ್ಕನ ಕೋಣೆಯನ್ನು ನನಗೆ ಬಿಟ್ಟುಕೊಡಬೇಕೆಂದು ವಿಧ್ಯುಕ್ತವಾಗಿ ಅರ್ಜಿ ಇಟ್ಟೆ. ನನ್ನ ಅರ್ಜಿಗಳ ಇತಿಹಾಸ ನಿನಗೆ ಗೊತ್ತು. ಮೀಸೆ ಮೂಡುವ ಮೊದಲಿನಿಂದ ಸಲ್ಲಿಸುತ್ತ ಬಂದಿದ್ದೇನೆ. ಮೊದಲು ಅಲ್ಲಿ ಫ್ರೇಮುಗಳ ಸ್ಟಾಕ್ ಇಡಬೇಕು ಅಂದರು. ಇಟ್ಟದ್ದು ಒಂದೇ ರಟ್ಟಿನ ಡಬ್ಬ, ಅದೂ ಖಾಲಿ. ಆಮೇಲೆ ಸುಣ್ಣ ಬಳಿಸಬೇಕು ಅಂದರು. ಆಮೇಲೆ ಗೋಡೆ ತೇವ, ನಿನಗೆ ನೆಗಡಿ ಆಗುತ್ತೆ ಅಂದರು. ಈ ಸಲ ಕಾರಣ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಆಗಲ್ಲ, ಅಂದರು. ಮುಗಿಯಿತು.

ಇರಲಿ. ಕಲೆಗಾಗಿ ಕಲೆ ಎಂದುಕೊಂಡು ಕೆಲಸಕ್ಕೆ ಕೂತೆ.

ಮೊದಲನೇ ಅಧ್ಯಾಯ, ವೈರು. ಚೀಲದಲ್ಲಿ ಕ್ಯಾಮೆರಾ ಬಿಟ್ಟು ಬೇಡದ್ದೆಲ್ಲ ಇತ್ತು: ಬಾರು, ಬಟ್ಟೆ, ತೇವ ಹೀರುವ ಪುಡಿಯ ಪೊಟ್ಟಣ, ನಿನ್ನ ಮದುವೆಯ ದಿನದ್ದೇ ಇರಬಹುದಾದ ಒಂದು ಬಿಸ್ಕತ್ತು. ವೈರು ಒಂದಿತ್ತು. ಅದನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಠಣ್ ಎಂದು ಸದ್ದಾಗಿ ಹೊಸ ಸಾಧನ ಪತ್ತೆಯಾಗಿದೆ ಎಂಬ ಶುಭಸಮಾಚಾರ ಬಂತು. ಅಪ್ಪ ನನ್ನ ಬೆನ್ನು ತಟ್ಟಿದರು, ಅಮ್ಮ ಒದ್ದೆ ಕೈ ಒರೆಸಿಕೊಂಡು ಓಡಿಬಂದಳು. ತೆರೆದು ನೋಡಿದರೆ ಒಳಗೆ ಒಂದೇ ಒಂದು ಫೋಟೋ. ಅಪ್ಪನ ಹೆಬ್ಬೆರಳು. ಬಹಳ ಹತ್ತಿರದಿಂದ ತೆಗೆದದ್ದು. ಅಮ್ಮ ಸ್ವಲ್ಪ ಹೊತ್ತು ಭಕ್ತಿಯಿಂದ ನೋಡಿ, ಚೆನ್ನಾಗಿ ಬಂದಿದೆ ಅಂದಳು.

ಎರಡನೇ ಅಧ್ಯಾಯ, ವಿದ್ವಾಂಸರ ಸಮಾಲೋಚನೆ. ದೊಡ್ಡ ಬೀದಿಯ ಕಂಪ್ಯೂಟರ್ ಅಂಗಡಿಯವನು ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾರುತ್ತೀರಾ ಅಂತ ಕೇಳಿದ, ಅವನಿಗೆ ಶೋಕೇಸಿನಲ್ಲಿ ಇಡಲಿಕ್ಕೆ ಬೇಕಂತೆ. ಅಲ್ಲಿಂದ ನಮ್ಮ ಬೀದಿಯ ತುದಿಗೆ, ರೇಡಿಯೋ, ಮಿಕ್ಸರು, ಇಸ್ತ್ರಿಪೆಟ್ಟಿಗೆಗಳ ಆಸ್ಪತ್ರೆ ನಡೆಸುವ ರಿಪೇರಿ ಅತ್ತೆಯ ಹತ್ತಿರ ಹೋದೆ. ಅವಳು ಈಗಲೂ ಹಾಗೇ ಇದ್ದಾಳೆ. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಸುತ್ತಿದ್ದಾಳೆ, ಅಪ್ಪನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ. ಯಾಕೆಂದರೆ ಅಪ್ಪ ಅವಳನ್ನು ನೋಡಿದಾಗಲೆಲ್ಲ, ನಿಂತ ನಿಲುವಿನಲ್ಲಿ, ನಿಮ್ಮ ಪವರ್ ಜಾಸ್ತಿಯಾಗಿದೆ ಬನ್ನಿ ಒಂದ್ಸಲ ಟೆಸ್ಟ್ ಮಾಡೋಣ ಅನ್ನುತ್ತಾರೆ.

ಅತ್ತೆ ಕ್ಯಾಮೆರಾವನ್ನು ಮೂಗಿನ ತುದಿಗೆ ಹಿಡಿದು ನೋಡಿದಳು. ಈ ವೈರಿನಲ್ಲಿ ಬರಿ ಫೋಟೋ ಬರುವುದಂತೆ. ಟೇಪಿನೊಳಗೆ ಇರುವುದು ಇಳಿಯಬೇಕಾದರೆ ಪಕ್ಕದಲ್ಲಿ ಮುಚ್ಚಳದಡಿ ಅಡಗಿರುವ ಚಿಕ್ಕ ಚೌಕ ತೂತಿನಿಂದಲೇ ಇಳಿಯಬೇಕಂತೆ, ಅದಕ್ಕೆ ಫೈರ್‌ವೈರ್ ಎಂದು ಹೆಸರಂತೆ. ಅದಕ್ಕೆ ಬೇರೆ ವೈರು, ಕಂಪ್ಯೂಟರಿನ ಒಳಗೆ ಕೂರಿಸುವ ಒಂದು ಕಾರ್ಡು, ಆ ಕಾರ್ಡು ಕೂರುವಷ್ಟು ಹೊಟ್ಟೆ ಇರುವ ಹಳೇ ಕಂಪ್ಯೂಟರು, ಮೂರೂ ಬೇಕು. ವೈರು, ಕಾರ್ಡು ಅತ್ತೆಯ ಬಳಿಯೇ ಇದ್ದವು. ಹೊಟ್ಟೆಯಿರುವ ಕಂಪ್ಯೂಟರು ಅಪ್ಪನ ಅಂಗಡಿಯ ಹಿಂಕೋಣೆಯಲ್ಲಿ ಬಿಲ್ಲು ಮಾಡುತ್ತ ಕೂತಿತ್ತು.

"ಕೊಡ್ತೀನಿ," ಅಂದಳು ಅತ್ತೆ. "ಬಂದು ನಾನೇ ಕೂರಿಸ್ತೀನಿ. ಆದ್ರೆ ನಿಮ್ಮಪ್ಪ ನನ್ ಕಣ್ಣಿನ ಸುದ್ದಿಗೆ ಬರಬಾರದು."

ನಾನು ಈ ಸಂಧಾನದ ಷರತ್ತನ್ನು ತಂದು ಅಪ್ಪನ ಮುಂದಿಟ್ಟೆ. ಪಾಪ ಅವಳಿಗೆ ಹತ್ತಿರದ್ದೂ ಕಾಣಲ್ಲ ಕಣೋ, ಅಂದರು. ಆಮೇಲೆ ಒಂದು ಮಸೂರವನ್ನು ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿಟ್ಟು, ಸರಿ ಅಂದರು. ಅಕ್ಕ, ಈ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತ ಅಪರಿಚಿತನಿಗೂ ಕಣ್ಣು ಕಿರಿದು ಮಾಡಬೇಡಿ ಅನ್ನದೆ ಬಸ್ಸು ಇಳಿದವರಲ್ಲ. ನಿನ್ನ ಟೇಪಿಗಾಗಿ ತಮ್ಮ ವೃತ್ತಿಯನ್ನೇ ಒತ್ತೆ ಇಟ್ಟರು.

ಒಪ್ಪಂದ ಜಾರಿಗೆ ಬಂದ ದಿನ ನೀನು ಇರಬೇಕಿತ್ತು. ಅತ್ತೆ ಕಂಪ್ಯೂಟರಿನ ಮುಚ್ಚಳ ತೆಗೆದು, ಕಾರ್ಡನ್ನು ಸೀಳಿಗೆ ಇಡುವ ಬದಲು ಫ್ಯಾನಿನ ಜಾಲರಿಗೆ ಒತ್ತಿದಳು. ಆಮೇಲೆ ಗೋಡೆಗೆ ಒತ್ತಿದಳು. ಈ ಕಂಪ್ಯೂಟರು ಸರಿಯಿಲ್ಲ ಅಂದಳು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿ, ಚಾವಣಿ ನೋಡುತ್ತ ನಿಂತಿದ್ದರು. ಮಾತು ಕೊಟ್ಟ ಮನುಷ್ಯ ಹೇಗೆ ಕಾಣುತ್ತಾನೆ ಅಂತ ಅವತ್ತು ನೋಡಿದೆ, ಹಲ್ಲುನೋವು ಬಂದವನ ಹಾಗೆ ಕಾಣುತ್ತಾನೆ. ಕೊನೆಗೆ ತಡೆಯಲಾರದೆ, ದೊಡ್ಡದು ಮಾಡಿ ತೋರಿಸುವ ಗಾಜೊಂದನ್ನು ಮೇಜಿನ ಮೇಲೆ ಅತ್ತೆಯ ಮೊಣಕೈ ಪಕ್ಕ ಇಟ್ಟರು, ಏನನ್ನೋ ಹುಡುಕುತ್ತ ಮರೆತುಬಿಟ್ಟು ಹೋದವರ ಹಾಗೆ. ಅತ್ತೆ ಏನನ್ನೋ ಹುಡುಕುತ್ತ ಸಿಕ್ಕಿತು ಅನ್ನುವ ಹಾಗೆ ಎತ್ತಿಕೊಂಡಳು. ಕಾರ್ಡು ಕೂತಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಪ್ಪಂದ ಎಲ್ಲಿಯೂ ಮುರಿದಿಲ್ಲ.

ಮೂರನೇ ಅಧ್ಯಾಯ. ಕ್ಯಾಮೆರಾದ ಚೌಕ ತೂತಿಗೆ ವೈರು ಚುಚ್ಚಿ, ಗುಂಡಿಯನ್ನು ಟೇಪು ಓಡಿಸುವ ಕಡೆಗೆ ತಿರುಗಿಸಿದೆವು. ಕಂಪ್ಯೂಟರು ಬಹಳ ಹೊತ್ತು ಯೋಚಿಸಿ ಕ್ಯಾಮೆರಾದ ಗುರುತು ಹಿಡಿಯಿತು. ಇಂಥ ಟೇಪಿನದು ಒಂದು ಗುಣ, ಅವಸರ ಮಾಡಿಸಲಾಗದು. ಒಂದು ಗಂಟೆಯ ಮದುವೆ ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು, ಟೇಪು ಓಡುತ್ತಿದ್ದ ಹಾಗೆ ಪರದೆಯ ಮೇಲೆ ಕಾಣುತ್ತ ಹೋಗುತ್ತದೆ. ಅಪ್ಪ ಮುಂಗೋಣೆಯಿಂದ ಕುರ್ಚಿ ತಂದರು. ಕನ್ನಡಕ ಒರೆಸಿದರು. ಅಂಗಿಯ ಕಾಲರು ಸರಿ ಮಾಡಿಕೊಂಡರು, ಯಾಕೆ ಅಂತ ಕೇಳಬೇಡ. ನಾನು ಇನ್ನೇನು ಒತ್ತಬೇಕು, ಅಂಗಡಿಯ ಬಾಗಿಲಿನ ಗಂಟೆ ಸದ್ದು ಮಾಡಿತು. ಒಬ್ಬ ಅಜ್ಜಿ ಮೊಮ್ಮಗಳನ್ನು ಕಣ್ಣು ತೋರಿಸಲು ಕರೆತಂದಿದ್ದರು.

ನಡೀಲಿ, ನಿಲ್ಲಿಸಬೇಡ, ನಾನು ಆಮೇಲೆ ಸಾವಕಾಶವಾಗಿ ನೋಡುತ್ತೇನೆ ಅಂದು ಅಪ್ಪ ಬಾಗಿಲಿನ ಪರದೆ ಸರಿಸಿ ಮುಂಗೋಣೆಗೆ ಹೋದರು. ಅತ್ತೆ ಆಗಲೇ ಹೋಗಿದ್ದಳು. ನಾನೊಬ್ಬನೇ ಉಳಿದೆ.

ಮೊದಲು ಬಂದದ್ದು ಅಪ್ಪನ ಮೂಗಿನ ಹೊಳ್ಳೆಗಳು, ಅವುಗಳ ಮೇಲೆ ಬಹಳ ಎತ್ತರದಲ್ಲಿ, ಹಣೆಗೇರಿಸಿದ ಕನ್ನಡಕ. ಆನ್ ಆಯ್ತಾ ಅಂತ ಅಪ್ಪ ಮಸೂರದೊಳಗೇ ಇಣುಕುತ್ತಿದ್ದಾರೆ. ಹಿಂದಿನಿಂದ ಅಮ್ಮ, "ಇನ್ನೊಂದ್ಸಲ ಗಟ್ಟಿಯಾಗಿ ಒತ್ರೀ," ಅನ್ನುತ್ತಾಳೆ. ಅಪ್ಪ ಒತ್ತುತ್ತಾರೆ. ಕಪ್ಪು.

ಮುಂದಿನ ದೃಶ್ಯ, ಒಂದು ಬೂಟು.

ಹೊಸ ಬೂಟು, ಎಡಗಾಲಿನದ್ದು, ಚೆನ್ನಾಗಿ ಪಾಲಿಶ್ ಆಗಿರುವಂಥದ್ದು. ಹೆಜ್ಜೆಗೊಂದು ಸಲ ಕಿರ್ ಅನ್ನುತ್ತಿತ್ತು. ಬೂಟು, ನೆಲ, ಕುರ್ಚಿಯ ಕಾಲು, ಬೂಟು. ಆಮೇಲೆ ಅಪ್ಪನ ಧ್ವನಿ, ಬಂದ್ಲು ಬಂದ್ಲು, ದಾರಿ ಬಿಡಿ. ಗುಂಡಿ ಒತ್ತಿದ ಸದ್ದು. ಕಪ್ಪು. ಮತ್ತೆ ಬೂಟು, ದೂರದಲ್ಲಿ ಚಪ್ಪಾಳೆ ಮುಗಿಯುತ್ತಿರುವುದು.

ಇದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಗುಂಡಿ ಒಮ್ಮೆ ಒತ್ತಿದರೆ ಚಾಲೂ, ಇನ್ನೊಮ್ಮೆ ಒತ್ತಿದರೆ ಬಂದ್. ಅಪ್ಪ ಮೊದಲ ಸಲ ಒತ್ತಿದಾಗಲೇ ಅದು ಚಾಲೂ ಆಗಿತ್ತು. ಅಮ್ಮನ ಅಮೂಲ್ಯ ಸಲಹೆಯಿಂದ ಬಂದ್ ಆಯಿತು. ಅಲ್ಲಿಂದಾಚೆ ದಿನವಿಡೀ ಎಲ್ಲವೂ ತಿರುಗುಮುರುಗು. ಅವರು ಕಣ್ಣಿಗೆ ಹಿಡಿದಾಗೆಲ್ಲ ಕ್ಯಾಮೆರಾ ನಿದ್ದೆ ಮಾಡಿದೆ. ಕೈಯಲ್ಲಿ ಜೋತುಬಿಟ್ಟಾಗೆಲ್ಲ ಎದ್ದು ಕೂತು ಕೆಲಸ ಮಾಡಿದೆ. ಚಾಲೂ ಇದೆಯೋ ಇಲ್ಲವೋ ಎಂಬುದು ಕಿಂಡಿಯ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಬರುತ್ತದೆ. ಆದರೆ ಕನ್ನಡಕ ಹಾಕಿಕೊಂಡರೆ ಕಣ್ಣು ಕಿಂಡಿಗೆ ತಾಗುವುದಿಲ್ಲ. ಕನ್ನಡಕ ತೆಗೆದರೆ ಅಕ್ಷರ ಕಾಣುವುದಿಲ್ಲ. ಊರಿಗೆಲ್ಲ ಕನ್ನಡಕ ತೆಗೀಬೇಡಿ ತೆಗೀಬೇಡಿ ಎಂದು ಗದರುವ ಮನುಷ್ಯ ಮಗಳ ಮದುವೆಯ ದಿನ ಅದನ್ನು ಹಣೆಗೇರಿಸಿಕೊಂಡು ಇಡೀ ಮಂಟಪ ಸುತ್ತಿದ್ದಾರೆ.

ಅಂದರೆ ಅಕ್ಕ, ನಿನ್ನ ಮದುವೆಯ ಟೇಪಿನಲ್ಲಿ ನಿನ್ನ ಮದುವೆ ಒಂದು ಬಿಟ್ಟು ಎಲ್ಲಾ ಇದೆ.

ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಪರದೆಯಾಚೆ ಅಪ್ಪ ಆ ಮಗುವಿಗೆ, ಕೆಳಗಿನ ಸಾಲು ಓದು ಪುಟ್ಟಾ, ಅಂದಾಜಲ್ಲಿ ಹೇಳ್ಬೇಡ, ಕಂಡಷ್ಟೇ ಹೇಳು, ಅನ್ನುತ್ತಿದ್ದರು. ನನಗೆ ಕಂಡಷ್ಟು ಹೇಳುತ್ತೇನೆ ಕೇಳು. ಕೈತೊಳೆಯುವ ಕಡೆ ಭಾವ ತನ್ನ ಗೆಳೆಯನನ್ನು ನನ್ನ ಕೂದಲು ಸರಿಯಾಗಿದೆಯಾ ಅಂತ ಕೇಳುತ್ತಾರೆ, ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂದು ಕೇಳುತ್ತಾರೆ, ಗೆಳೆಯ ಕೊನೆಗೆ ಹೆಗಲಿಗೆ ಕೈ ಹಾಕಿ ಸಾಂತ್ವನ ಹೇಳುತ್ತಾನೆ. ಮೇಜಿನ ಕೆಳಗೆ ಅರ್ಧ ಚಡ್ಡಿಯ ಒಬ್ಬ ಮಹಾನುಭಾವ ಎರಡೂ ಜೇಬಿಗೆ ಸಿಹಿ ತುಂಬುತ್ತಿದ್ದಾನೆ, ಅವನ ಗುರುತು ಪತ್ತೆಯಾಗಿಲ್ಲ. ಅಮ್ಮ ನಿನ್ನ ಅತ್ತೆಯವರ ನಗುವಿನ ಬಗ್ಗೆ ಚಿಕ್ಕಮ್ಮನ ಕಿವಿಯಲ್ಲಿ ಒಂದು ಅಭಿಪ್ರಾಯ ಹೇಳುತ್ತಾ ಅದನ್ನು ನಟಿಸಿಯೂ ತೋರಿಸುತ್ತಾಳೆ. ಎರಡು ಮನೆಗಳ ಶಾಂತಿಯ ದೃಷ್ಟಿಯಿಂದ ಆ ಭಾಗವನ್ನು ಕತ್ತರಿಸಲಾಗಿದೆ. ಅದರ ಪ್ರತಿ ನನ್ನ ಬಳಿ ಸುರಕ್ಷಿತವಾಗಿದೆ ಎಂದು ಅಮ್ಮನಿಗೆ ತಿಳಿಸಲಾಗಿದೆ.

ಆಮೇಲೆ ಬೂಟು ನಿಂತಿತು. ಕಿರ್ ಸದ್ದು ನಿಂತಿತು. ಎದುರಿಗೆ ಒಂದು ಕಂಬದ ಬುಡ. ಅಪ್ಪ ಗಂಟಲು ಸರಿ ಮಾಡಿಕೊಂಡರು.

"ನೋಡಮ್ಮಾ, ಅಲ್ಲಿ..." ಅಂದರು. ನಿಲ್ಲಿಸಿದರು. "ಮಗಳೇ, ನಾಳೆಯಿಂದ ನೀನು... ಛೆ, ನಾಳೆಯಿಂದ ಅಂತ ಯಾಕೆ."

ನಿನಗೆ ಹೇಳಬೇಕಾದ್ದನ್ನು ಕಂಬದ ಮುಂದೆ ಅಭ್ಯಾಸ ಮಾಡುತ್ತಿದ್ದಾರೆ. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಯಾರೋ ಹಾದುಹೋಗುತ್ತ ಯಾರನ್ನು ಹುಡುಕುತ್ತಿದ್ದೀರಿ ಅಂದರು. ಕೈ ತೊಳೀತಿದೀನಿ ಅಂದರು ಅಪ್ಪ, ಕಂಬಕ್ಕೆ ಮುಖ ಮಾಡಿಕೊಂಡು. ಆಮೇಲೆ ಕಿರ್ ಕಿರ್ ಕಿರ್, ಅವಸರದ ಹೆಜ್ಜೆ, ಜನ, ಹೂವು, ನಿನ್ನ ಧ್ವನಿ. ಅಪ್ಪಾ ಬನ್ನಿ, ನನ್ನ ಪಕ್ಕ ನಿಂತ್ಕೊಳ್ಳಿ, ಫೋಟೋ ತೆಗೀತಾರಂತೆ. ತಡಿ, ಇದನ್ನೊಂದು ಹಿಡಿದ್ಬಿಡ್ತೀನಿ, ಅನ್ನುತ್ತಾರೆ ಅಪ್ಪ. ಗುಂಡಿ. ಕಪ್ಪು.

ಮತ್ತೆ ಬೂಟು. ಮತ್ತೆ ಕಂಬ. "ಹೇಳ್ಲಿಲ್ಲ," ಅಂದರು ಅಪ್ಪ ಕಂಬಕ್ಕೆ.

ಟೇಪಿನಲ್ಲಿ ಇದು ಎಷ್ಟು ಸಲ ಆಗುತ್ತದೆ ಅಂತ ನೀನೇ ನೋಡು. ಆ ಹೊತ್ತಿಗೆ ನಾನು ನಗುವುದನ್ನು ಬಿಟ್ಟಿದ್ದೆ.

ಕೊನೆಯಲ್ಲಿ ಬೀದಿ. ಕಾರಿನ ಚಕ್ರ, ನಿನ್ನ ಬಟ್ಟೆಯ ಅಂಚು. ಅಪ್ಪಾ, ಅಂತ ನೀನು ಕರೆಯುತ್ತೀಯ. ಗುಂಡಿ. ಕಪ್ಪು. ಆ ಕಪ್ಪಿನೊಳಗೆ ಏನಾಯಿತು ಅಂತ ನಿನಗೆ ಗೊತ್ತು, ನೂರು ಸಲ ಹೇಳಿದ್ದೀಯ. ಒಂದು ನಿಮಿಷ ಅದನ್ನ ಕೆಳಗಿಡಿ ಅಂದೆಯಂತೆ, ಅಪ್ಪ ಕೆಳಗಿಡಲಿಲ್ಲವಂತೆ, ನೀನು ಗಾಜಿಗೆ ಕೈಬೀಸಿ ಹೋದೆಯಂತೆ. ಆ ಗಾಜಿನ ಹಿಂದೆ ಏನೂ ಓಡುತ್ತಿರಲಿಲ್ಲ ಕಣೆ.

ಮತ್ತೆ ಚಿತ್ರ ಬರುವಾಗ ಚಕ್ರ ಇಲ್ಲ. ಬರಿ ರಸ್ತೆ, ಬೂಟು. ಆ ಬೂಟು ಅಲ್ಲಾಡಲೇ ಇಲ್ಲ. ಕಾರಿನ ಸದ್ದು ತಿರುವಿನಲ್ಲಿ ಸಣ್ಣದಾಯಿತು. ಆಗ ಅಪ್ಪ, ಒಂದು ಕಡೆಯೂ ತಡವರಿಸದೆ, ಗಂಟಲು ಸರಿಮಾಡಿಕೊಳ್ಳದೆ, ಪೂರ್ತಿ ಹೇಳಿದರು:

"ಅಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಬಂದ್ಬಿಡು ಮಗಳೇ. ಕಾರಣ ಹೇಳೋದು ಬೇಡ, ಫೋನೂ ಮಾಡೋದು ಬೇಡ. ನಿನ್ ಕೋಣೆ ಹಾಗೇ ಇರುತ್ತೆ. ಯಾರಿಗೂ ಕೊಡಲ್ಲ. ಆ ಪೋಕರಿಗೂ ಕೊಡಲ್ಲ."

ಅಮ್ಮನ ಧ್ವನಿ, ಯಾರ ಹತ್ತಿರ ಮಾತಾಡ್ತಿದೀರಿ ಅಂತ. ಯಾರ ಹತ್ತಿರವೂ ಇಲ್ಲ, ಕ್ಯಾಮೆರಾ ಆಫ್ ಮಾಡ್ತಿದ್ದೆ, ಅಂದರು ಅಪ್ಪ. ಟೇಪು ಅಲ್ಲಿಗೆ ಮುಗಿಯಿತು.

ಮುಂಗೋಣೆಯಲ್ಲಿ ಮಗು ಹೊಸ ಫ್ರೇಮು ಹಾಕಿಕೊಂಡು ಕನ್ನಡಿ ನೋಡಿ ನಗುತ್ತಿತ್ತು. ಪರದೆ ಸರಿಯಿತು. ನಾನು ಕಂಪ್ಯೂಟರಿನ ಪರದೆ ಆರಿಸಿದೆ. "ಹೇಗೆ ಬಂದಿದೆ?" ಅಂದರು ಅಪ್ಪ. ಅವರ ಮುಖ ನೋಡಬೇಕಿತ್ತು ನೀನು, ಫಲಿತಾಂಶದ ದಿನ ಶಾಲೆಯ ಗೇಟಿನಲ್ಲಿ ನಿಂತ ಮಕ್ಕಳ ಮುಖ. ಸುಳ್ಳು ಹೇಳುವುದರಲ್ಲಿ ನನಗೆ ಇರುವ ಅನುಭವ ನಿನಗೆ ಗೊತ್ತಿದೆ, ಆದರೂ ಒಂದೂ ನಾಲಿಗೆಗೆ ಬರಲಿಲ್ಲ.

"ಬಹಳ ಸ್ಪಷ್ಟವಾಗಿ ಬಂದಿದೆ ಅಪ್ಪ," ಅಂದೆ.

ನಾನು ಹೇಳ್ಲಿಲ್ವಾ, ಅಂದರು. ಕೂಡಲೇ ನೋಡಬೇಕೆಂದು ಕುರ್ಚಿ ಎಳೆದರು. ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ, ಆದರೆ ಅವರು ಮುಂದಿನ ಭಾನುವಾರ ಮನೆಯಲ್ಲಿ ಪ್ರದರ್ಶನ ಎಂದು ಆಗಲೇ ಅರ್ಧ ಬೀದಿಗೆ ಹೇಳಿಯಾಗಿತ್ತು. ರಿಪೇರಿ ಅತ್ತೆಗೆ ಮುಂದಿನ ಸಾಲಿನಲ್ಲಿ ಜಾಗ, ಅವಳಿಗೆ ಹಿಂದಿನಿಂದ ಕಾಣಲ್ಲವಲ್ಲ. ಆಗ ನಾನು ಸಿನಿಮಾ ಲೋಕದ ಒಂದು ಕಠಿಣ ನಿಯಮವನ್ನು ಅಲ್ಲೇ ಹುಟ್ಟಿಸಿದೆ. ಮದುವೆಯ ಚಿತ್ರವನ್ನು ಮೊದಲು ಮದುವೆಯ ಹುಡುಗಿ ನೋಡಿ ಒಪ್ಪಬೇಕು, ಅಲ್ಲಿಯವರೆಗೆ ಇನ್ಯಾರೂ, ತೆಗೆದವರೂ ಕೂಡ, ನೋಡುವಂತಿಲ್ಲ. ಅಪ್ಪ ಎದುರು ಮಾತಾಡದೆ ಒಪ್ಪಿಬಿಟ್ಟರು. ಹೌದು, ಅವಳೇ ಮೊದಲು ನೋಡ್ಬೇಕು, ಅಂದರು. ಭಾನುವಾರದ ಪ್ರದರ್ಶನವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ. ಅತ್ತೆ ಮಾತ್ರ ದಿನಾ ಕೇಳುತ್ತಾಳೆ.

ಆಮೇಲೆ ಎಡಿಟಿಂಗಿಗೆ ಕೂತೆ. ತಡವಾದದ್ದು ಇಲ್ಲಿ. ಬೂಟುಗಳನ್ನೆಲ್ಲ ಕತ್ತರಿಸೋಣ ಅಂದುಕೊಂಡೆ, ಕತ್ತರಿಸಿದರೆ ಏನೂ ಉಳಿಯುವುದಿಲ್ಲ. ಹಾಡು ಹಾಕೋಣ ಅಂದುಕೊಂಡೆ, ಆ ಕಿರ್ ಸದ್ದಿನ ಮುಂದೆ ಯಾವುದೂ ನಿಲ್ಲಲಿಲ್ಲ. ಕೊನೆಗೆ ನಿನ್ನ ಅತ್ತೆಯವರ ವಿಷಯ ಬಿಟ್ಟು ಇನ್ನೆಲ್ಲೂ ಕತ್ತರಿ ಆಡಿಸಲಿಲ್ಲ. ಮೊದಲಿಗೆ ದೊಡ್ಡ ಅಕ್ಷರದಲ್ಲಿ 'ಛಾಯಾಗ್ರಹಣ: ಅಪ್ಪ' ಎಂದು ಬರೆದು ಸೇರಿಸಿದೆ, ಅಷ್ಟೇ ನನ್ನ ಕೊಡುಗೆ.

ಡಬ್ಬಿಯನ್ನು ಪ್ಯಾಕ್ ಮಾಡಿದ್ದು ಅಪ್ಪನೇ. ಪೆನ್‌ಡ್ರೈವನ್ನು ಕನ್ನಡಕ ಒರೆಸುವ ಹೊಸ ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ಹತ್ತಿ ತುಂಬಿ, ಅಲ್ಲಾಡಿಸಿ ನೋಡಿ, ಮತ್ತೆ ಹತ್ತಿ ತುಂಬಿದರು. ಇನ್ನೇನಾದರೂ ಬರೆದು ಒಳಗಿಡುತ್ತೀರಾ ಅಂತ ಕೇಳಿದೆ. ಅದರಲ್ಲೇ ಎಲ್ಲಾ ಇದೆಯಲ್ಲೋ, ಅಂದರು.

ಈಗ ನಿನಗೆ ಅಪ್ಪಣೆ. ಬಾಗಿಲು ಹಾಕಿಕೊಂಡು ನೋಡು. ಪುಟ್ಟಿಯನ್ನು ಭಾವನ ಜೊತೆ ಹೊರಗೆ ಕಳಿಸು, ಭಾವನ ಕೂದಲಿನ ದೃಶ್ಯವನ್ನು ಬೇಕಾದರೆ ಆಮೇಲೆ ಬಿಡಿಯಾಗಿ ತೋರಿಸು. ನೋಡಿ ಮುಗಿದ ಮೇಲೆ ಮನೆಗೆ ಫೋನು ಮಾಡಬೇಡ, ಅಲ್ಲಿ ಸ್ಪೀಕರಿದೆ. ಅಂಗಡಿಗೆ ಮಾಡು. ಮಧ್ಯಾಹ್ನ ಊಟ ಮುಗಿಸಿ ಬಂದ ಹೊತ್ತಲ್ಲಿ ಗಿರಾಕಿಗಳಿರುವುದಿಲ್ಲ, ಅಪ್ಪನೇ ಎತ್ತುತ್ತಾರೆ. ಊಟ ಆಯ್ತಾ ಅನ್ನುತ್ತಾರೆ. ಆಯ್ತು ನಿಮ್ದು ಅಂದುಬಿಟ್ಟೆಯೋ, ನಿನಗೂ ನನಗೂ ಅಲ್ಲಿಗೆ ಮುಗಿಯಿತು. ಬೂಟಿನ ಸುದ್ದಿ ಎತ್ತಬೇಡ. ಏನು ಹೇಳಲೂ ಬಾಯಿ ಬರದಿದ್ದರೆ, ಎಲ್ಲಾ ಬಂದಿದೆ ಅಪ್ಪ, ಅಂತ ಅಷ್ಟೇ ಅನ್ನು. ಅದು ಸುಳ್ಳೂ ಅಲ್ಲ.

ಕಿರಿಯವನಾದ ನಾನು ನಿನ್ನನ್ನು ಹರಸುವಂತಿಲ್ಲ. ಆದ್ದರಿಂದ ಪುಟ್ಟಿಗೆ ಆಶೀರ್ವಾದ, ಭಾವನ ಕೂದಲಿಗೆ ದೀರ್ಘಾಯುಷ್ಯ, ನಿನ್ನ ಪಾದಗಳಿಗೆ ನಮಸ್ಕಾರ. ಬೂಟಿನ ಸದ್ದು ಕೇಳುತ್ತಿದೆ, ಅಪ್ಪ ಊಟ ಮುಗಿಸಿ ಬರುತ್ತಿದ್ದಾರೆ. ಈಗಲೂ ಕಿರ್ ಅನ್ನುತ್ತದೆ.

ಇಂತು ತಮ್ಮ ವಿಧೇಯ ಸೋಫಾವಾಸಿ,
ಪೋಕರಿ

ತಾ.ಕ. ತಮ್ಮ ಕೋಣೆಯ ಕುರಿತಾದ ನನ್ನ ಎಲ್ಲ ಅರ್ಜಿಗಳನ್ನು ಈ ಮೂಲಕ ಬೇಷರತ್ತಾಗಿ ಹಿಂಪಡೆಯಲಾಗಿದೆ. ನಿನ್ನೆ ಹೋಗಿ ಕಿಟಕಿ ತೆರೆದು ಗುಡಿಸಿ ಬಂದೆ. ಗೋಡೆ ಎಲ್ಲೂ ತೇವ ಇಲ್ಲ.

ಇನ್ನೊಂದು. ಇದನ್ನು ಓದಿ ಭಾವನಿಗೆ ತೋರಿಸಬೇಡ. ನೀನು ಹೋದಾಗಿನಿಂದ ಆ ಕೋಣೆ ಕೊಡಿ ಕೊಡಿ ಅಂತ ಅಪ್ಪನನ್ನು ಪೀಡಿಸುತ್ತ ಬಂದೆನಲ್ಲ, ಪ್ರತಿ ಸಲವೂ ಕೇಳಿ ಮುಗಿಸಿ ಅವರ ಬಾಯಿ ನೋಡುವಾಗ, ಎಲ್ಲಿ ಆಯ್ತು ತಗೋ ಅಂದುಬಿಡುತ್ತಾರೋ ಅಂತ ನನಗೆ ಭಯವಾಗುತ್ತಿತ್ತು.